ಮನೆ ಸಾಲದ ಬಾಕಿಗೆ ಬ್ಯಾಂಕಿನ ನೋಟಿಸು ಹಿಡಿದು ಬಂದವರಿಗೆ ಕಾನೂನು ವಿದ್ಯಾರ್ಥಿಗಳು ಎಷ್ಟರ ಮಟ್ಟಿಗೆ ನೆರವಾಗಬಹುದು?

ಕೊನೇಬೆಂಚು:

ಐದು ವರ್ಷದ ಎಲ್‌ಎಲ್‌ಬಿಯಲ್ಲಿ ನಾಲ್ಕನೇ ವರ್ಷ ನನಗೆ. ಶನಿವಾರ ಮಧ್ಯಾಹ್ನ ಕಾಲೇಜಿನ ಕಾನೂನು ನೆರವು ಕ್ಲಿನಿಕ್‌ನಲ್ಲಿ ನಾವು ಮೂರು ಜನ ಕೂರ್ತೀವಿ. ಇಲ್ಲಿವರೆಗೆ ಬರ್ತಿದ್ದದ್ದು ವಿಧವಾ ವೇತನದ ಅರ್ಜಿ, ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಿದೆ ಅನ್ನೋದು, ಇಂಥವೇ. ಕಳೆದ ವಾರ ಒಬ್ಬ ಗಂಡ ಹೆಂಡತಿ ಬಂದರು. ಆತ ವೆಲ್ಡಿಂಗ್ ಕೆಲಸದವರು. ಬಲಗೈ ಮುರಿದು ಐದು ತಿಂಗಳು ದುಡಿಮೆ ಇರಲಿಲ್ಲ. ಮನೆ ಸಾಲ 16 ಲಕ್ಷ, ತಿಂಗಳ ಕಂತು 15,400. ಐದು ಕಂತು ಬಾಕಿ.

ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ ಬಂದದ್ದು ಸರ್ಫೇಸಿ ಕಾಯ್ದೆಯ (ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ಕೋರ್ಟಿಗೆ ಹೋಗದೆ ವಶಕ್ಕೆ ತಗೊಂಡು ಮಾರೋಕೆ ಬಿಡೋ ಕಾನೂನು) 13(2)ರ ನೋಟಿಸು, ಅಂದರೆ ಬಾಕಿ ಕಟ್ಟಿ ಅನ್ನೋ ಮೊದಲ ನೋಟಿಸು. ನಾಲ್ಕು ಪುಟ, ಪೂರ್ತಿ ಇಂಗ್ಲಿಷು. ಅಂಚೆಯವನ ಹತ್ತಿರ ಸಹಿ ಹಾಕಿ ತಗೊಂಡವರು ಹೆಂಡತಿಯೇ. ಆದರೆ ಓದಕ್ಕೆ ಬರಲ್ಲ ಅಂತ ಗಂಡನಿಗೆ ಕೊಟ್ಟರಂತೆ, ಗಂಡ ಕೇಬಲ್ ಬಿಲ್ಲಿನ ಜೊತೆ ಸೇರಿಸಿಟ್ಟರಂತೆ. ದಿನಾಂಕ ಲೆಕ್ಕ ಹಾಕಿದೆ: ಆಗಲೇ 44 ದಿನ.

ಆಮೇಲೆ ಗೊತ್ತಾದದ್ದು, ನೋಟಿಸು ಬಂದ ಮೇಲೆ ಹೇಗೋ ಹೊಂದಿಸಿ ಎರಡು ಕಂತು ಕಟ್ಟಿದ್ದಾರೆ. "ಕಟ್ಟಿದ್ದೀನಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡೆ" ಅಂದರು. ಅದರ ಜೊತೆಗೆ ಯಾರೋ ಒಬ್ಬರು 25 ಸಾವಿರ ಕೊಟ್ಟರೆ ಸಿವಿಲ್ ಕೋರ್ಟಿನಿಂದ ಸ್ಟೇ ತಂದುಕೊಡ್ತೀನಿ ಅಂದಿದ್ದಾರಂತೆ.

ನಮ್ಮ ಸರ್ "ನೀವಿನ್ನೂ ವಕೀಲರಲ್ಲ, ಕೈ ಹಾಕಬೇಡಿ, ಕಳಿಸಿಬಿಡಿ" ಅಂತಾರೆ. ಎಲ್ಲಿಗೆ ಕಳಿಸೋದು? ಆ ಅಕ್ಕ ಎದ್ದು ಹೋಗುವಾಗ "ಮುಂದಿನ ಶನಿವಾರ ಬರಲಾ?" ಅಂತ ಕೇಳಿದರು. ಬನ್ನಿ ಅಂದುಬಿಟ್ಟಿದ್ದೀನಿ.

ಕರಿಕೋಟು:

ನಾನು ಡಿಆರ್‌ಟಿಯಲ್ಲಿ (ಸಾಲ ವಸೂಲಾತಿ ನ್ಯಾಯಮಂಡಳಿ) ಸಾಲಗಾರರ ಪರ ಕೇಸು ನಡೆಸ್ತೀನಿ. ನಿಮ್ಮ ಸರ್ ಹೇಳಿದ್ದು ಅರ್ಧ ಸರಿ. ನೀವು ವಕಾಲತ್ತು ಹಾಕುವಂತಿಲ್ಲ, ವಾದ ಮಾಡುವಂತಿಲ್ಲ, ವಕೀಲರ ಥರ ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ. 1961ರ ವಕೀಲರ ಕಾಯ್ದೆ ಅಷ್ಟು ಸ್ಪಷ್ಟ. ಆದರೆ ನೋಟಿಸಿಗೆ ಆಕ್ಷೇಪಣೆ ಬರೆಯೋದು ಸಾಲಗಾರರ ಹಕ್ಕು, ಸಹಿ ಅವರದೇ. ಪಕ್ಕದಲ್ಲಿ ಕೂತು ಬರೆದುಕೊಡೋಕೆ ಸನ್ನದು ಬೇಡ. ಕರಡನ್ನು ನಿಮ್ಮ ಸರ್ ಒಂದು ಸಲ ಓದಲಿ, ಅಷ್ಟು ಸಾಕು.

ಈಗ ದಿನದ ಲೆಕ್ಕ. 13(2) ನೋಟಿಸು ಬಾಕಿ ತೀರಿಸೋಕೆ ಕೊಡೋದು 60 ದಿನ. ಅದರೊಳಗೆ ಲಿಖಿತ ಆಕ್ಷೇಪಣೆ ಹೋದರೆ 13(3ಎ) ಪ್ರಕಾರ ಬ್ಯಾಂಕು 15 ದಿನದಲ್ಲಿ ಕಾರಣ ಕೊಟ್ಟು ಉತ್ತರಿಸಬೇಕು. ಆ ಉತ್ತರ ಒಪ್ಪಿಗೆಯಾಗಲಿಲ್ಲ ಅಂತ ಅಷ್ಟಕ್ಕೇ ಡಿಆರ್‌ಟಿಗೆ ಹೋಗಕ್ಕಾಗಲ್ಲ. ಬ್ಯಾಂಕು 13(4)ರಲ್ಲಿ ಸ್ವಾಧೀನಕ್ಕೆ ಕೈ ಹಾಕಿದ ಮೇಲೆ 45 ದಿನದೊಳಗೆ ಡಿಆರ್‌ಟಿಗೆ ಕಲಂ 17ರ ಅರ್ಜಿ. ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ ಎರಡು ಪತ್ರಿಕೆಯಲ್ಲಿ ಹಾಕಿಸ್ತಾರಲ್ಲ, ಅದೂ ಸ್ವಾಧೀನವೇ. ಮನೆಯಲ್ಲಿ ನಾವೇ ಇದ್ದೀವಲ್ಲ, ಬೀಗ ಹಾಕೋಕೆ ಬಂದಾಗ ನೋಡೋಣ ಅಂತ ಕೂತು 45 ದಿನ ಕಳೆದುಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೀನಿ.

ಸಿವಿಲ್ ಕೋರ್ಟ್ ಸ್ಟೇ ಅಂದವರಿಗೆ ಒಂದು ಪೈಸೆ ಕೊಡಬೇಡಿ ಅನ್ನಿ. ಕಲಂ 34 ಆ ಬಾಗಿಲನ್ನು ಮುಚ್ಚಿದೆ. ಬ್ಯಾಂಕೇ ವಂಚನೆ ಮಾಡಿದ್ದರೆ ಅಂತ ಸುಪ್ರೀಂ ಕೋರ್ಟ್ ಸಣ್ಣ ಸಂದು ಬಿಟ್ಟಿದೆ, ಕಂತು ಕಟ್ಟಲಾಗದವರಿಗಲ್ಲ.

ಇನ್ನು ಮುಖ್ಯವಾದದ್ದು. ಸಾಲದಲ್ಲಿ ಹೆಂಡತಿಯ ಹೆಸರೂ ಇದೆಯಾ? ಇದ್ದರೆ ಉಚಿತ ಕಾನೂನು ನೆರವಿನ ಅರ್ಜಿ ಅವರ ಹೆಸರಲ್ಲೇ ಹೋಗಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ಮಹಿಳೆಗೆ ಆದಾಯದ ಮಿತಿಯೇ ಇಲ್ಲ. ಗಂಡ ಎಷ್ಟು ದುಡೀತಾರೆ ಅನ್ನೋ ಪ್ರಶ್ನೆ ಬರಲ್ಲ. ಅಲ್ಲಿ "ನ್ಯಾಯಾಲಯ" ಅಂದರೆ ನ್ಯಾಯಮಂಡಳಿಯೂ ಸೇರಿತು, ಹಾಗಾಗಿ ಡಿಆರ್‌ಟಿಗೂ ಉಚಿತ ವಕೀಲರನ್ನು ಕೇಳಬಹುದು. ಎಲ್ಲಿಗೆ ಕಳಿಸೋದು ಅಂದಿರಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅಲ್ಲಿಗೆ ಬರಿಗೈಲಿ ಕಳಿಸಬೇಡಿ. ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಮೇಲೊಂದು ಪುಟದಲ್ಲಿ ಏನೇನಾಯ್ತು ಅಂತ ಬರೆದು ಕಳಿಸಿ. ಆ ಒಂದು ಪುಟ ನನ್ನ ಎರಡು ಗಂಟೆ ಉಳಿಸುತ್ತೆ, ನಿಜವಾಗಿ.

ಸಾಲದ ಸೆಕ್ಷನ್:

ಮರಿ, ನಾನು ಈ ನೋಟಿಸುಗಳಿಗೆ ಸಹಿ ಹಾಕಿದವನು. ಬ್ಯಾಂಕಿನ ಅಧಿಕೃತ ಅಧಿಕಾರಿಯಾಗಿ ಆರು ವರ್ಷ ಇದ್ದು ನಿವೃತ್ತನಾದೆ. ಬೈಯೋದಾದರೆ ಬೈಯಿ, ಆದರೆ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

"ತುಂಬಾ ಕಷ್ಟದಲ್ಲಿದ್ದೇವೆ, ದಯವಿಟ್ಟು ಕಾಲಾವಕಾಶ ಕೊಡಿ" ಅಂತ ಬಂದ ಪತ್ರಕ್ಕೆ ನಮ್ಮಲ್ಲಿ ಎರಡು ಸಾಲಿನ ಉತ್ತರ ಮೊದಲೇ ತಯಾರಿರ್ತಿತ್ತು. ಹೆಸರು ಬದಲಾಯಿಸಿ ಕಳಿಸೋದು, ಅಷ್ಟೇ. "ಇಂಥ ತಾರೀಕಿನ ಇಷ್ಟು ರೂಪಾಯಿ ಯಾವ ಬಾಬ್ತು?" ಅಂತ ಕೇಳಿದ ಪತ್ರ ಬಂದರೆ ಮಾತ್ರ ಫೈಲು ತೆಗೆದು ನೋಡಲೇಬೇಕಾಗ್ತಿತ್ತು. ಆದ್ದರಿಂದ ಮೊದಲು ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸು. ದಂಡದ ಬಡ್ಡಿ ಅನ್ನೋ ಸಾಲು ಹುಡುಕು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ ಬಂದ ಮೇಲೆ ಅದನ್ನು ದಂಡ ಶುಲ್ಕ ಅಂತ ಮಾತ್ರ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಕೂಡಿಸುವಂತಿಲ್ಲ. ಹೊಸ ಸಾಲಕ್ಕೆ 2024ರ ಏಪ್ರಿಲ್‌ನಿಂದ, ಹಳೆಯದಕ್ಕೆ ಅದೇ ವರ್ಷದ ಜೂನ್ ಒಳಗೆ ಜಾರಿಯಾಗಬೇಕಿತ್ತು.

ಎರಡು ಕಂತು ಕಟ್ಟಿದ್ದು ಒಳ್ಳೇದೇ, ಆದರೆ ಎನ್‌ಪಿಎ (ವಸೂಲಾಗದ ಸಾಲ) ಅನ್ನೋ ಹಣೆಪಟ್ಟಿ ಅಷ್ಟಕ್ಕೆ ಹೋಗಲ್ಲ. ಕಂತು ಬಾಕಿ 90 ದಿನ ದಾಟಿ ಒಮ್ಮೆ ಎನ್‌ಪಿಎ ಆದ ಮೇಲೆ ಬಾಕಿ ಬಿದ್ದ ಅಸಲು, ಬಡ್ಡಿ ಎಲ್ಲಾ ಚುಕ್ತಾ ಆದರೇ ಖಾತೆ ಮೊದಲಿನಂತಾಗೋದು. ಹಾಗಂತ 16 ಲಕ್ಷವನ್ನೂ ತಂದು ಸುರಿಯಬೇಕು ಅಂತಲ್ಲ. ಐದಾರು ಕಂತಿನ ಬಾಕಿ ಹೊಂದಿಸಿ ಮ್ಯಾನೇಜರ್ ಮುಂದೆ ಕೂತರೆ ಮಾತಿಗೆ ಜಾಗ ಇರುತ್ತೆ. ಬ್ಯಾಂಕಿಗೂ ಮನೆ ಬೇಕಾಗಿಲ್ಲ, ಹರಾಜು ನಮಗೂ ತಲೆನೋವೇ. ಆದರೆ ಮನುಷ್ಯ ಫೋನ್ ಎತ್ತದೆ ಇದ್ದರೆ ನಾವಾದರೂ ಏನು ಮಾಡೋಣ?

ಇನ್ನೊಂದು. ನೋಟಿಸು ಕೈಗೆ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ, ಭೋಗ್ಯಕ್ಕೂ ಹಾಕುವಂತಿಲ್ಲ. ಗಾಬರಿಯಲ್ಲಿ ಜನ ಮೊದಲು ಮಾಡೋದೇ ಅದು.

ಹಂಚಿನಮನೆ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಪಹಣಿಯಲ್ಲಿ ಇನ್ನೂ ಕೃಷಿ ಜಮೀನು ಅಂತಲೇ ಇದೆ, ಮೇಲೆ ಮನೆ ಕಟ್ಟಿದ್ದೀವಿ. ಕೃಷಿ ಜಮೀನಿಗೆ ಸರ್ಫೇಸಿ ಇಲ್ಲ ಅಂತಾರಲ್ಲ?

ಕರಿಕೋಟು:

@ಹಂಚಿನಮನೆ, ಕಲಂ 31(ಐ) ಹಾಗೆ ಹೇಳುತ್ತೆ. ಆದರೆ ದಾಖಲೆಯಲ್ಲಿ ಕೃಷಿ ಅಂತಿದ್ದರೆ ಸಾಲದು, ನಿಜಕ್ಕೂ ಅಲ್ಲಿ ಬೇಸಾಯ ನಡೀತಿರಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಕಟ್ಟಿದ ಮೇಲೆ ಆ ವಾದ ನಿಲ್ಲೋದು ಕಷ್ಟ. ನಿಮ್ಮದು ಬೇರೆ ಪ್ರಶ್ನೆಯಾಗಿ ಹಾಕಿ, ಇದರೊಳಗೆ ಕಲಸಬೇಡಿ.

@ಕೊನೇಬೆಂಚು, ಇನ್ನೊಂದು ಮಾತು ಬಿಟ್ಟಿದ್ದೆ. ಪೂರ್ತಿ ಬಾಕಿ ತೀರಿಸಿ ಮನೆ ಬಿಡಿಸಿಕೊಳ್ಳೋ ಹಕ್ಕು ಮೊದಲು ಮಾರಾಟ ಮುಗಿಯೋವರೆಗೂ ಉಳೀತಿತ್ತು. 2016ರ ತಿದ್ದುಪಡಿ ಆದ ಮೇಲೆ ಹರಾಜಿನ ಪ್ರಕಟಣೆ ಹೊರಬೀಳೋವರೆಗೆ ಮಾತ್ರ. ಊರಲ್ಲಿ ಎಲ್ಲರೂ ಇನ್ನೂ ಹಳೇದನ್ನೇ ಹೇಳ್ತಾರೆ. ಅವರಿಗೆ ಇದನ್ನು ಕನ್ನಡದಲ್ಲಿ ಬರೆದುಕೊಡಿ.

ಕೊನೇಬೆಂಚು:

ಇಬ್ಬರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳ್ತೀನಿ.

ಶನಿವಾರದವರೆಗೆ ಕಾಯಲಿಲ್ಲ, ಬುಧವಾರವೇ ಬರೋಕೆ ಹೇಳಿದೆ. ಸಾಲದಲ್ಲಿ ಅಕ್ಕನ ಹೆಸರು ಇದೆ. ನೋಟಿಸಿನ ಒಂದೊಂದು ಪ್ಯಾರಾ ಕನ್ನಡದಲ್ಲಿ ಓದಿ ಹೇಳಿದೆ. ಮೂರನೇ ಪುಟಕ್ಕೆ ಬಂದಾಗ ಅವರು ಗಂಡನ ಕಡೆ ತಿರುಗಿ "ಇದನ್ನ ನಾನೇ ನಿಮ್ಮ ಕೈಗೆ ಕೊಟ್ಟಿದ್ದೆನಲ್ಲ" ಅಂದರು. ಆತ ತಲೆ ಎತ್ತಲಿಲ್ಲ. ಆ ಐದು ನಿಮಿಷಕ್ಕೆ ಯಾವ ಕ್ಲಾಸಲ್ಲೂ ನಮ್ಮನ್ನು ತಯಾರು ಮಾಡಿಲ್ಲ. ನನ್ನ ಗೆಳತಿ ಎದ್ದು ನೀರು ತಂದುಕೊಟ್ಟಳು.

ಸ್ಟೇಟ್‌ಮೆಂಟ್ ಹದಿನೇಳು ಪುಟ. ಸ್ಕೇಲ್ ಇಟ್ಟುಕೊಂಡು ಸಾಲು ಸಾಲು ಗುರುತು ಹಾಕಿದ್ವಿ. ಬಾಬ್ತು ಗೊತ್ತಾಗದ ನಾಲ್ಕು ಮೊತ್ತ ಸಿಕ್ಕವು, ಒಟ್ಟು 11,260. ನೋಟಿಸು ಬಂದ ಮೇಲೆ ಕಟ್ಟಿದ ಎರಡು ಕಂತಿನ ರಸೀದಿಯನ್ನೂ ಲಗತ್ತಿಸಿದ್ವಿ. ಆಕ್ಷೇಪಣೆ ಒಂದೂವರೆ ಪುಟ. ಅಕ್ಕ ಎರಡು ಸಲ ಓದಿಸಿಕೊಂಡು ಕನ್ನಡದಲ್ಲೇ ಸಹಿ ಹಾಕಿದರು. ಸರ್ ಕೆಂಪು ಪೆನ್ನಲ್ಲಿ ಎರಡು ಕಡೆ ತಿದ್ದಿದರು, ಬೇಡ ಅನ್ನಲಿಲ್ಲ. 49ನೇ ದಿನ ರಿಜಿಸ್ಟರ್ಡ್ ಪೋಸ್ಟ್ ಹೋಯ್ತು. ಕಾನೂನು ಸೇವಾ ಪ್ರಾಧಿಕಾರದ ಅರ್ಜಿಯೂ ಅದೇ ದಿನ ಕೊಟ್ಟಾಯ್ತು.

ಬ್ಯಾಂಕಿನ ಉತ್ತರ ನಿನ್ನೆ ಬಂತು. ನಾಲ್ಕರಲ್ಲಿ ಒಂದು ಮೊತ್ತ ಕೈಬಿಟ್ಟಿದ್ದಾರೆ, ಉಳಿದ ಮೂರು ಸರಿಯಿದೆ ಅಂದಿದ್ದಾರೆ. ಬಾಕಿ ಕಂತಿನ ಬಗ್ಗೆ ಮಾತಾಡೋಕೆ ಸೋಮವಾರ ಹನ್ನೊಂದಕ್ಕೆ ಶಾಖೆಗೆ ಬನ್ನಿ ಅಂತಲೂ ಬರೆದಿದ್ದಾರೆ. ಅವತ್ತು ನನಗೆ ಇಂಟರ್ನಲ್ಸ್ ಇದೆ. ನೇಮಕವಾದ ವಕೀಲರು ಜೊತೆಗೆ ಹೋಗ್ತಾರೆ. ಬಾಬ್ತುಗಳ ಪಟ್ಟಿಯ ಎರಡು ಪ್ರತಿ ಅಕ್ಕನ ಕೈಗೇ ಕೊಟ್ಟಿದ್ದೀನಿ.