ಸಹಾಯ ಬೇಕು: ‘ಏಂಜಲ್ಸ್ ಇನ್ ಅಮೆರಿಕಾ’ ನಾಟಕದ ಜೋ ಪಿಟ್ ಬಗ್ಗೆ

ಸ್ನೇಹಿತರೇ, ಟೋನಿ ಕುಶ್ನರ್ ಅವರ ಈ ನಾಟಕದ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ರಾಯ್ ಕೋನ್ ಪಾತ್ರದಲ್ಲಿ ತೊಡಕಿಲ್ಲ. ಆತ ನಿಜವಾಗಿ ಬದುಕಿದ್ದ ವಕೀಲ, ಕಮ್ಯುನಿಸ್ಟರ ಬೇಟೆಗೆ ಹೆಸರಾದ ಅಮೆರಿಕದ ಸೆನೆಟರ್ ಮೆಕಾರ್ಥಿಯ ಬಲಗೈ. 1986ರಲ್ಲಿ ಏಡ್ಸ್‌ನಿಂದ ಸಾಯುವಾಗಲೂ ತನಗಿರುವುದು ಯಕೃತ್ತಿನ ಕ್ಯಾನ್ಸರ್ ಎಂದೇ ಸಾಧಿಸಿದ. ಸೋವಿಯತ್ ಪರ ಬೇಹುಗಾರಿಕೆಯ ಮೊಕದ್ದಮೆಯಲ್ಲಿ ಅವನು ವಿದ್ಯುತ್ ಕುರ್ಚಿಗೆ ಕಳುಹಿಸಲು ಹೆಣಗಿದ್ದ ಎಥೆಲ್ ರೋಸನ್‌ಬರ್ಗ್ ನಾಟಕದಲ್ಲಿ ಪ್ರೇತವಾಗಿ ಬಂದು, ಕೊನೆಗೆ ಅವನಿಗಾಗಿಯೇ ಯಹೂದಿಗಳ ಮೃತ್ಯುಪ್ರಾರ್ಥನೆ ಹೇಳಿಕೊಡುವ ದೃಶ್ಯವಂತೂ ಅದ್ಭುತ.

ನನ್ನನ್ನು ಕಾಡುತ್ತಿರುವುದು ಜೋ ಪಿಟ್. ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ) ಶ್ರದ್ಧಾಳು, ಅಧ್ಯಕ್ಷ ರೇಗನ್ ಬೆಂಬಲಿಗ, ವಿವಾಹಿತ, ಒಳಗೊಳಗೇ ಸಲಿಂಗಿ. ಅದೇ ಧರ್ಮದ ಅವನ ತಾಯಿ ಹನ್ನಾ, ನಾಟಕದ ಮುಖ್ಯ ಪಾತ್ರವಾದ ಏಡ್ಸ್ ಪೀಡಿತ ಪ್ರಯರ್‌ಗೆ ಆಸರೆಯಾಗಿ ಕೊನೆಯ ದೃಶ್ಯದಲ್ಲಿ ನ್ಯೂಯಾರ್ಕಿನ ಬೆಥೆಸ್ಡಾ ಕಾರಂಜಿಯ ಬಳಿ ಕುಳಿತಿರುತ್ತಾಳೆ. ಜೋ ಅಲ್ಲಿಲ್ಲ. ಹಾಗಾದರೆ ನಾಟಕ ಅವನನ್ನು ಕೈಬಿಟ್ಟದ್ದು ಅವನ ರಾಜಕೀಯಕ್ಕಾಗಿಯೇ? ನನಗೆ ಹಾಗೆನಿಸುತ್ತದೆ, ಮಾರ್ಗದರ್ಶಕರು ಒಪ್ಪುತ್ತಿಲ್ಲ.

ಮಾರ್ಮನ್ ಹಿನ್ನೆಲೆಯ ವಿಮರ್ಶಕರು ಈ ಪಾತ್ರದ ಬಗ್ಗೆ ಬರೆದದ್ದನ್ನು ಯಾರಾದರೂ ಓದಿದ್ದೀರಾ? ಪ್ರಯರ್‌ಗೆ ದೇವದೂತೆ (ಏಂಜಲ್) ಗ್ರಂಥ ಒಪ್ಪಿಸುವುದಕ್ಕೂ, ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ಗೆ ದೇವದೂತನ ಮೂಲಕ ಧರ್ಮಗ್ರಂಥವಿದ್ದ ಚಿನ್ನದ ಫಲಕಗಳು ದೊರೆತವೆಂಬ ಕಥೆಗೂ ಇರುವ ನಂಟಿನ ಬಗ್ಗೆ ಲೇಖನಗಳಿದ್ದರೂ ತಿಳಿಸಿ. ಅಮೆರಿಕದಲ್ಲಿರುವ ಕನ್ನಡಿಗರು ರಂಗದ ಮೇಲೆ ನೋಡಿದ್ದರೆ, ಪ್ರೇಕ್ಷಕರು ಜೋನನ್ನು ಹೇಗೆ ಸ್ವೀಕರಿಸಿದರು ಎಂದು ಬರೆಯಿರಿ. ಪಠ್ಯ ನನ್ನ ಬಳಿ ಇದೆ, 2003ರ ಟಿವಿ ರೂಪವನ್ನೂ ನೋಡಿದ್ದೇನೆ. ದಯವಿಟ್ಟು ಕಥಾಸಾರಾಂಶದ ಕೊಂಡಿಗಳು ಬೇಡ.