ಎರಡು ಮೀಟರ್ ಡಿಎನ್‌ಎ ಸಿಕ್ಕಾಗದೆ ಕಡ್ಡಿಯಾಗುವುದು ಹೇಗೆ?

ಕಾಫಿಹೂ:
ಗೋಣಿಕೊಪ್ಪದಲ್ಲಿ ಬಿಎಸ್ಸಿ ಓದ್ತಿದ್ದೇನೆ. ನಿನ್ನೆ ಪ್ರಾಕ್ಟಿಕಲ್‌ನಲ್ಲಿ ಈರುಳ್ಳಿ ಬೇರಿನ ತುದಿ ಒತ್ತಿ ಸ್ಲೈಡ್ ಮಾಡಿದೆವು. ಒಂದು ಕೋಶದಲ್ಲಿ ಕ್ರೋಮೋಸೋಮ್‌ಗಳು ಗಿಡ್ಡ ಕಡ್ಡಿಗಳ ಹಾಗೆ ಕೆಂಪಗೆ ಕಂಡವು, ಪಕ್ಕದ್ದರಲ್ಲಿ ಬರೀ ಮಸುಕು ಉಂಡೆ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಇದೆಯಂತೆ. ಹಿಸ್ಟೋನ್ ಎಂಬ ಪ್ರೋಟೀನ್‌ಗೆ ಸುತ್ತಿಕೊಳ್ಳುತ್ತದೆ ಅಂತ ನೋಟ್ಸ್‌ನಲ್ಲಿದೆ, ಆದರೆ ಸುಮ್ನೆ ಸುತ್ತಿದರೆ ಅಷ್ಟು ನೀಟಾದ ಕಡ್ಡಿ ಆಗುತ್ತಾ? ಮೆಣಸು ಕೊಯ್ಯುವ ಏಣಿ ಕಟ್ಟುವ ಹಗ್ಗ ನಮ್ಮನೆಯಲ್ಲಿ ಒಂದು ವಾರ ಮೂಲೆಯಲ್ಲಿ ಬಿದ್ದಿದ್ದರೆ ಸಾಕು, ಬಿಡಿಸೋಕೇ ಆಗಲ್ಲ.

ಮರಗಸಿ:
ಹಿಸ್ಟೋನ್ ಮೊದಲ ಹಂತ ಮಾತ್ರ. ಎಂಟು ಹಿಸ್ಟೋನ್‌ಗಳ ಗುಂಪಿಗೆ 147 ಬೇಸ್ ಜೋಡಿಯಷ್ಟು (ಬೇಸ್ ಜೋಡಿ ಅಂದರೆ ಡಿಎನ್‌ಎ ಏಣಿಯ ಒಂದು ಮೆಟ್ಟಿಲು) ಡಿಎನ್‌ಎ ಎರಡು ಸುತ್ತಿಗಿಂತ ಸ್ವಲ್ಪ ಕಡಿಮೆ ಸುತ್ತುತ್ತದೆ. ಅದರಿಂದ ಉದ್ದ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಷ್ಟೇ. ಆದರೆ ಮನುಷ್ಯನ ಒಂದನೇ ಕ್ರೋಮೋಸೋಮಿನ ಡಿಎನ್‌ಎ ಚಾಚಿದರೆ 8 ಸೆಂಟಿಮೀಟರ್ ದಾಟುತ್ತದೆ, ಕಡ್ಡಿಯಾದಾಗ ಅದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು!

ಇಲ್ಲಿ ಮುಖ್ಯ ಕೆಲಸ ಕಂಡೆನ್ಸಿನ್‌ನದು. ಉಂಗುರದಂಥ ಪ್ರೋಟೀನ್ ಗುಂಪು. ನಿಮ್ಮ ಹಗ್ಗವನ್ನೇ ತಗೊಳ್ಳಿ, ನಡುವೆ ಒಂದು ಕಡೆ ಹಿಡಿದು ಬಳೆಯೊಳಗೆ ತೂರಿಸಿ ಎಳೆಯುತ್ತಾ ಹೋದರೆ ಕುಣಿಕೆ ದೊಡ್ಡದಾಗುತ್ತಾ ಬರುತ್ತದೆ, ಅಲ್ವಾ? ಡಿಎನ್‌ಎ ಉದ್ದಕ್ಕೂ ಹೀಗೇ ಕುಣಿಕೆ ಪಕ್ಕ ಕುಣಿಕೆ. ಬುಡಗಳು ನಡುವೆ ಸೇರುತ್ತವೆ, ಕುಣಿಕೆಗಳು ಸುತ್ತ ಹರಡುತ್ತವೆ, ಬಾಟಲಿ ತೊಳೆಯುವ ಬ್ರಷ್ ಥರ. ಎಳೆಯೋಕೆ ಶಕ್ತಿ ಕೋಶದ ಇಂಧನವಾದ ಎಟಿಪಿಯಿಂದ. 2018ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಯೀಸ್ಟ್‌ನ ಒಂದೇ ಒಂದು ಕಂಡೆನ್ಸಿನ್ ಕುಣಿಕೆ ಎಳೆಯುವುದನ್ನು ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಿದರು, ಸೆಕೆಂಡಿಗೆ 1,500 ಬೇಸ್ ಜೋಡಿಯವರೆಗೆ, ಅದೂ ಒಂದೇ ಕಡೆಯಿಂದ. ನನಗಂತೂ ಈಗಲೂ ಅದು ಬೆರಗು.

ಪೊನ್ನಂಪೇಟೆ ಅಕ್ಕ:
ಮರಗಸಿಯವರೇ, ಸಿಕ್ಕಿನ ಮಾತು ಬಿಟ್ಟುಹೋಯ್ತು. ಅದನ್ನು ಬಿಡಿಸುವುದು ಟೊಪೊಐಸೊಮರೇಸ್ 2 ಎಂಬ ಕಿಣ್ವ. ಒಂದು ಡಿಎನ್‌ಎಯನ್ನು ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದನ್ನು ದಾಟಿಸಿ, ಮತ್ತೆ ಅಂಟಿಸಿಬಿಡುತ್ತದೆ. ಹಗ್ಗಕ್ಕೆ ಆ ಭಾಗ್ಯ ಇಲ್ಲ ನೋಡಿ.

ಕಾಫಿಹೂ ನೋಡಿದ ಮಸುಕು ಉಂಡೆಯಲ್ಲೂ, ಅಂದರೆ ಕೋಶ ವಿಭಜನೆಯಾಗದೆ ಇರುವಾಗಲೂ, ವ್ಯವಸ್ಥೆ ಇದೆ. ನಮ್ಮ ಕೋಶಗಳಲ್ಲಿ ಆಗ ಕುಣಿಕೆ ಎಳೆಯುವುದು ಕೊಹೆಸಿನ್ ಎಂಬ ಇನ್ನೊಂದು ಉಂಗುರದಂಥ ಪ್ರೋಟೀನ್ ಗುಂಪು, ಅದನ್ನು ಸಿಟಿಸಿಎಫ್ ಎಂಬ ಪ್ರೋಟೀನ್ ಗೊತ್ತಾದ ಜಾಗಗಳಲ್ಲಿ ತಡೆಯುತ್ತದೆ. ನಕಲಾದ ಎರಡು ಡಿಎನ್‌ಎಗಳನ್ನು ಜೊತೆಗೆ ಹಿಡಿದಿಡುವುದೂ ಕೊಹೆಸಿನ್ನೇ. ಕೋಶ ವಿಭಜನೆಯ ವೇಳೆ ಸೆಪರೇಸ್ ಎಂಬ ಕಿಣ್ವ ಬಂದು ಆ ಉಂಗುರ ಕತ್ತರಿಸಿದಾಗಲೇ ಜೋಡಿ ಬೇರೆಯಾಗುವುದು.

ಕಾಫಿಹೂ:
ಇಬ್ಬರಿಗೂ ಥ್ಯಾಂಕ್ಸ್! ಉಂಡೆ ಅಂದರೆ ಖಾಲಿ ಗೊಂದಲ ಅಂದ್ಕೊಂಡಿದ್ದೆ. ತೋಟದ ರೋಬಸ್ಟಾ ಬೇರಿನಲ್ಲೂ ನೋಡಬಹುದಾ?

ಮರಗಸಿ:
ನೋಡಬಹುದು, ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44. ಆದರೆ ಕಾಫಿಯ ಕ್ರೋಮೋಸೋಮ್‌ಗಳು ತುಂಬಾ ಪುಟ್ಟವು, ಈರುಳ್ಳಿಯ 16ರಷ್ಟು ಸುಲಭವಾಗಿ ಎಣಿಸೋಕಾಗಲ್ಲ. ಎಳೆ ಸಸಿಯ ಬೇರಿನ ತುದಿ ತಗೊಳ್ಳಿ.