ಪದ ಬೇಕು: ಮೈಕ್ ಸ್ಪ್ಲಿಟರ್ (ಫಲಕಕ್ಕೆ, ನಾಳೆ ಸಂಜೆಯೊಳಗೆ)

ದಾವಣಗೆರೆಯಿಂದ:
ಎಂಟು ಚಾನೆಲ್‌ನ ಮೈಕ್ ಸ್ಪ್ಲಿಟರ್ ಪೆಟ್ಟಿಗೆಯ ಮುಂಫಲಕಕ್ಕೆ ಕನ್ನಡ ಅಕ್ಷರ ಕೆತ್ತಿಸಬೇಕಿದೆ. ಒಂದೇ ಮೈಕಿನ ಸದ್ದು ಸಭೆಯ ಮಿಕ್ಸರಿಗೂ ರೆಕಾರ್ಡಿಂಗಿಗೂ ಹೋಗುತ್ತದೆ. ಮೊದಲ ಔಟ್‌ಪುಟ್ಟಿಗೆ ಮೈಕಿನಿಂದ ನೇರ ತಂತಿ. ಮೈಕ್ ನಡೆಸಲು ಮಿಕ್ಸರ್ ಕೊಡುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಮೈಕಿಗೆ ತಲುಪುವುದು ಈ ದಾರಿಯಲ್ಲಿ ಮಾತ್ರ. ಎರಡನೆಯದು 1:1 ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಸುರುಳಿಯಿಂದ, ಒಂದನೇ ಪಿನ್ (ಕೇಬಲ್ಲಿನ ಲೋಹದ ಜಾಲರಿ, ಅಂದರೆ ಶೀಲ್ಡ್, ಸೇರುವುದು) ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ಚಿನೊಂದಿಗೆ. ಸ್ಪ್ಲಿಟರ್, ಡೈರೆಕ್ಟ್, ಐಸೊಲೇಟೆಡ್, ಗ್ರೌಂಡ್ ಲಿಫ್ಟ್: ಈ ನಾಲ್ಕಕ್ಕೆ ಪದ ಬೇಕು. 'ಧ್ವನಿ ವಿಭಾಜಕ' ನಡೆಯುತ್ತದೆಯೇ?

ಚಿತ್ರದುರ್ಗದಿಂದ:
ನಡೆಯುವುದಿಲ್ಲ. ವಿಭಾಜಕ ಭಾಗ ಮಾಡುತ್ತದೆ. ಇಲ್ಲಿ ಎರಡೂ ಕಡೆ ಹೋಗುವುದು ಇಡೀ ಸಿಗ್ನಲ್. 200 ಓಮ್ ಮೈಕಿನ ಮೇಲೆ ಎರಡನೇ ಮಿಕ್ಸರಿನ ಭಾರ ಬಿದ್ದರೆ ಇಳಿಯುವುದು ಸುಮಾರು ಒಂದು ಡೆಸಿಬೆಲ್. ಕವೆ, ಕವಲು, ತಮಿಳಿನ ಕವರ್, ಎಲ್ಲ ಒಂದೇ ಬೇರಿನವು. 'ಮೈಕ್‌ಗವಲು' ಎಂದು ಕೆತ್ತಿಸಿ.

ಹರಿಹರದಿಂದ:
ಎರವಲು ಪದಕ್ಕೆ ಆದೇಶಸಂಧಿ ಹೇರಬೇಡಿ, ಸರ್. 'ಗವಲು' ಯಾರಿಗೂ ತಿಳಿಯದು. ಭದ್ರಾ ನಾಲೆ ಕವಲೊಡೆದರೂ ನೀರು ಪಾಲಾಗುತ್ತದಲ್ಲವೇ?
ಅದಿರಲಿ, ಗ್ರೌಂಡ್ ಲಿಫ್ಟಿಗೆ ಮಾತ್ರ 'ಅರ್ತ್ ಕಟ್' ಎಂದು ಬರೆಸಲೇಬೇಡಿ. ಹಮ್ (ಗುಂಯ್ ಎನ್ನುವ ಸದ್ದು) ಬಂತೆಂದು ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗಿನಿಂದ ಅರ್ತ್ ತಂತಿ ಕಿತ್ತುಹಾಕುವವರಿದ್ದಾರೆ. ಆ ಪದ ಓದಿದರೆ ಅವರಿಗೆ ಅದೇ ಸರಿ ಅನ್ನಿಸುತ್ತದೆ. ಜೀವ ಹೋಗುವ ಕೆಲಸ. ಇಲ್ಲಿ ಬಿಡುವುದು ಎರಡನೇ ಔಟ್‌ಪುಟ್ಟಿನ ಕೇಬಲ್ ಶೀಲ್ಡ್ ಅಷ್ಟೇ. 'ಶೀಲ್ಡ್ ಬಿಡಿಸು' ಎನ್ನಿ. ನೇರ ಸಾಲಿಗೆ ಆ ಸ್ವಿಚ್ ಬೇಡ. ಫ್ಯಾಂಟಮ್ ಹಿಂದಿರುಗುವುದು ಅದೇ ಒಂದನೇ ಪಿನ್ನಿನಲ್ಲಿ. ಟ್ರಾನ್ಸ್‌ಫಾರ್ಮರಿನೊಳಗಿನ ಪ್ರೈಮರಿ ಶೀಲ್ಡ್ ಮೈಕಿನ ಒಂದನೇ ಪಿನ್ನಿಗೆ, ಸೆಕೆಂಡರಿ ಶೀಲ್ಡ್ ಅದರ ಔಟ್‌ಪುಟ್ಟಿನ ಒಂದನೇ ಪಿನ್ನಿಗೆ. ಎರಡನ್ನೂ ಪೆಟ್ಟಿಗೆಗೆ ಬೆಸೆದರೆ ಸ್ವಿಚ್ ಇದ್ದೂ ವ್ಯರ್ಥ.

ಚಿತ್ರದುರ್ಗದಿಂದ:
ದಾರಿ ಕವಲೊಡೆದರೆ ದಾರಿ ಅರ್ಧವಾಗುತ್ತದೆಯೇ? ಕವಲೇ ಸರಿ. ಶೀಲ್ಡಿಗೆ 'ಹೊದಿಕೆ' ಇದೆ. ಇರುವ ಪದ ಬಿಟ್ಟು ಎರವಲಿಗೆ ಕೈಚಾಚುವುದು ಸೋಮಾರಿತನ.

ಹರಿಹರದಿಂದ:
ಹೊದಿಕೆ ಎಂದರೆ ಕೇಬಲ್ ಮೇಲಿನ ರಬ್ಬರ್ ಎಂದೇ ಕೆಲಸದವರು ತಿಳಿಯುವುದು. ಆಗದು. ಟ್ರಾನ್ಸ್‌ಫಾರ್ಮರಿಗೆ ಕಡತದಲ್ಲಿ ಪರಿವರ್ತಕ ಎಂದಿದೆ. ಹೊಲದಲ್ಲಿ ಮಾತ್ರ ಟೀಸಿ ಸುಟ್ಟಿತು ಎನ್ನುತ್ತಾರೆ. ಅದೂ ಕನ್ನಡವೇ.

ದಾವಣಗೆರೆಯಿಂದ:
ಕೆತ್ತನೆಗೆ ಕೊಡುತ್ತಿರುವುದು: 'ಮೈಕ್ ಕವಲು', 'ನೇರ (48 ವೋಲ್ಟ್)', 'ಬೇರೆ', 'ಶೀಲ್ಡ್ ಬಿಡಿಸು'.

ಚಿತ್ರದುರ್ಗದಿಂದ:
'ಬೇರೆ' ಸಾಲದು, 'ಬೇರ್ಪಟ್ಟ' ಎನ್ನಿ. ಶೀಲ್ಡಿಗೆ ನನ್ನ ಒಪ್ಪಿಗೆಯಿಲ್ಲ.

ಹರಿಹರದಿಂದ:
'ಬೇರ್ಪಟ್ಟ' ಆಗಬಹುದು. ಸುರುಳಿಗಳನ್ನು ಮಲ್ಟಿಮೀಟರಿನ ಓಮ್‌ನಲ್ಲಿ ಅಳೆಯಬೇಡಿ, ಆ ಡಿಸಿಗೆ ಕೋರ್ ಕಾಂತವಾಗಿ ಸದ್ದು ಕೆಡುತ್ತದೆ. ಸಿಗ್ನಲ್ ಒಯ್ಯುವ 2 ಮತ್ತು 3ನೇ ಪಿನ್ ಅದಲುಬದಲಾಗಿಲ್ಲವೆಂದು ಎಂಟೂ ಚಾನೆಲ್ಲಿನಲ್ಲಿ ನೋಡಿ. ಒಂದು ತಿರುಗಿದ್ದರೂ ಪಕ್ಕದ ಮೈಕಿನೊಂದಿಗೆ ಬೆರೆತಾಗ ಬೇಸ್ ಸೊರಗುತ್ತದೆ.